ಒಂದು ಸಂಬಳದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದವರು ಇವೆರಡೂ ಗೃಹಸ್ಥನನ್ನು ಹಣ್ಣುಮಾಡುವ ಕಾರ್ಯಗಳೆಂದು ಎಚ್ಚರಿಸಿದರೇ ಹೊರತು, ಒಬ್ಬನ ಸಂಪಾದನೆಯಲ್ಲಿ ಅವು ಆಗಲಾರವೆಂದು ಹೇಳಲಿಲ್ಲ. ಬೆಂಗಳೂರಿನಲ್ಲಿ 1945ರಲ್ಲಿ ಸ್ಥಾಪಿತವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಜಯನಗರದಂತಹ ಬಡಾವಣೆಗಳಲ್ಲಿ ನಿವೇಶನಗಳನ್ನು ಹಂಚುತ್ತಿದ್ದ ಕಾಲದಲ್ಲಿ ಗುಮಾಸ್ತರೂ ಉಪಾಧ್ಯಾಯರೂ ಒಂದೇ ಸಂಬಳದಲ್ಲಿ ಸಂಸಾರವನ್ನು ತೂಗಿಸಿ, ನಿವೃತ್ತಿಯ ಹೊತ್ತಿಗೆ ಪ್ರಾವಿಡೆಂಟ್ ಫಂಡಿನ ಹಣದಿಂದ ತಾರಸಿಯ ಮನೆಯೊಂದನ್ನು ಎಬ್ಬಿಸಿದುದುಂಟು. ಅಂದಿನವರಿಗೆ ಕಷ್ಟವಿರಲಿಲ್ಲವೆಂದಲ್ಲ, ಒಂದು ಸಂಬಳಕ್ಕೂ ಒಂದು ಮನೆಗೂ ನಡುವಣ ದೂರವು ಒಬ್ಬ ಮನುಷ್ಯನ ಸೇವಾವಧಿಯಲ್ಲಿ ನಡೆದು ಮುಗಿಸಬಹುದಾದ ದೂರವಾಗಿದ್ದಿತು.

ಆ ದೂರವನ್ನು ಬೆಳೆಸಿದುದು ಸಿಮೆಂಟಿನ ಬೆಲೆಯೊಂದೇ ಅಲ್ಲ. ಮನೆಯ ಬೆಲೆ ನಿಲ್ಲುವುದು ಕೊಳ್ಳಲು ಬಂದವರಲ್ಲಿ ಹೆಚ್ಚು ಕೊಡಬಲ್ಲವರ ಮಾತಿನ ಮೇಲೆ. ಪತಿಪತ್ನಿಯರಿಬ್ಬರೂ ಉದ್ಯೋಗದಲ್ಲಿರುವ ಕುಟುಂಬಕ್ಕೆ ಬ್ಯಾಂಕು ಎರಡೂ ಸಂಬಳಗಳನ್ನು ಕೂಡಿಸಿ ಸಾಲದ ಮೊತ್ತವನ್ನು ಗೊತ್ತುಮಾಡುತ್ತದೆ. ಅದೇ ಫ್ಲ್ಯಾಟನ್ನು ನೋಡಲು ಬಂದ ಒಂಟಿ ಸಂಬಳದವನು ಇಬ್ಬರೊಡನೆ ಒಬ್ಬನೇ ಹಗ್ಗ ಜಗ್ಗಬೇಕಾಗುತ್ತದೆ. ಸ್ತ್ರೀಯರು ಉದ್ಯೋಗಕ್ಕೆ ಹೊರಟುದೇ ಇದಕ್ಕೆ ಕಾರಣವೆಂದು ಗೊಣಗುವವರುಂಟು. ಗೊಣಗಲಿ, ತಪ್ಪು ಅಲ್ಲಿಲ್ಲ. ಎರಡನೆಯ ಸಂಬಳವು ಮನೆಗೆ ನೆಮ್ಮದಿಯನ್ನು ತರುವ ಮೊದಲೇ ನೆಲದ ಬೆಲೆಯು ಅದರ ದೊಡ್ಡ ಪಾಲನ್ನು ನುಂಗಿತು.

ಇನ್ನು ಸಾಲ. 2021ರ ಆರಂಭದಲ್ಲಿ ಗೃಹಸ್ಥನೊಬ್ಬನು 40 ಲಕ್ಷ ರೂಪಾಯಿಗಳನ್ನು ಶೇಕಡಾ 7ರ ಬಡ್ಡಿಗೆ 20 ವರ್ಷಗಳ ಅವಧಿಗೆ ಪಡೆದನೆಂದು ಭಾವಿಸಬಹುದು. ತಿಂಗಳ ಕಂತು 31,012 ರೂಪಾಯಿ. ರಿಸರ್ವ್ ಬ್ಯಾಂಕಿನ ರೆಪೊ ದರ ಆಗ ಶೇಕಡಾ 4 ಇದ್ದುದು, 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ 6.5ಕ್ಕೆ ಏರಿತು. ಬೆಲೆಯೇರಿಕೆಯನ್ನು ಹಿಡಿದು ನಿಲ್ಲಿಸಲೆಂದೇ ಈ ಕ್ರಮ. ಬೇಳೆ ಎಣ್ಣೆಗಳಿಗೆ ಹೆಚ್ಚು ತೆರುತ್ತಿದ್ದವನೇ ಆ ಔಷಧಿಯ ಬೆಲೆಯನ್ನೂ ತೆರಬೇಕಾಯಿತು. 2019ರ ಅಕ್ಟೋಬರಿನಿಂದೀಚೆಗೆ ಬ್ಯಾಂಕುಗಳು ಬದಲಾಗುವ ಬಡ್ಡಿಗೆ ಕೊಡುವ ಹೊಸ ಗೃಹಸಾಲಗಳನ್ನು ಇಂತಹ ಹೊರಗಿನ ದರವೊಂದಕ್ಕೆ ಕಟ್ಟಿಹಾಕಲಾಗಿದೆ. ಆದುದರಿಂದ ಶೇಕಡಾ 7ರ ಬಡ್ಡಿ 9.5 ಆಗುತ್ತದೆ. ಹಂತಹಂತದ ಲೆಕ್ಕವನ್ನು ಬದಿಗಿಟ್ಟು, ಎರಡು ವರ್ಷ ಕಂತು ಕಟ್ಟಿದ ಮೇಲೆ ಬಡ್ಡಿ ಒಮ್ಮೆಗೇ ಏರಿತೆಂದು ಹಿಡಿದರೆ, ಉಳಿದ ಅಸಲು ಸುಮಾರು 38 ಲಕ್ಷ. ಅದರ ತಿಂಗಳ ಬಡ್ಡಿಯೇ 30,100 ರೂಪಾಯಿಗಳಿಗೆ ಮೇಲೆ. ಕಂತನ್ನು ಮೊದಲಿನಂತೆಯೇ ಬಿಟ್ಟರೆ ಅಸಲಿಗೆ ಜಮೆಯಾಗುವುದು ಒಂಬೈನೂರು ಚಿಲ್ಲರೆ! ಇನ್ನು 18 ವರ್ಷಗಳಲ್ಲಿ ತೀರಬೇಕಾಗಿದ್ದ ಸಾಲಕ್ಕೆ 37 ವರ್ಷಗಳು ಬೇಕು. 35ನೆಯ ವಯಸ್ಸಿನಲ್ಲಿ ಸಾಲ ಮಾಡಿದವನು 74ರಲ್ಲಿ ಋಣಮುಕ್ತನಾದಾನು. ಬ್ಯಾಂಕು ಅಷ್ಟು ಕಾಯದು. ಹಿಂದಿನ ಅವಧಿಯೊಳಗೇ ತೀರಿಸಬೇಕೆಂದರೆ ಕಂತು 36,800ಕ್ಕೆ ಏರಬೇಕು. ಕಂತನ್ನು ಏರಿಸಿಕೊಳ್ಳುವುದೋ ಅವಧಿಯನ್ನು ಹಿಗ್ಗಿಸಿಕೊಳ್ಳುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ವಿಧಿಸಿತು. 2025ರಲ್ಲಿ ರೆಪೊ ದರ ಇಳಿಯುತ್ತ ಡಿಸೆಂಬರಿನ ಹೊತ್ತಿಗೆ 5.25ಕ್ಕೆ ಬಂದಿತೆಂಬುದೂ ನಿಜ. ಆದರೆ ನಡುವಣ ವರ್ಷಗಳಲ್ಲಿ ತೆತ್ತುದು ತೆತ್ತುದೇ. ಹೆಚ್ಚಾದ 5,800 ರೂಪಾಯಿಯು ಎರಡು ಸಂಬಳದ ಮನೆಯಲ್ಲಿ ರಜೆಯ ಪ್ರವಾಸದ ಹಣದಿಂದ ಬಂದೀತು. ಒಂದು ಸಂಬಳದ ಮನೆಯಲ್ಲಿ ಅದು ಮಗುವಿನ ಶಾಲೆಯ ಫೀಸಿನಿಂದಲೋ ವೃದ್ಧ ತಾಯಿಯ ಔಷಧಿಯಿಂದಲೋ ಬರಬೇಕು.

ಹಣದುಬ್ಬರ ತಗ್ಗಿತೆಂಬ ವಾರ್ತೆಯನ್ನು ಓದಿ ಗೃಹಿಣಿಯು ನಕ್ಕರೆ ಅದು ಅಜ್ಞಾನದ ನಗೆಯಲ್ಲ. ತಗ್ಗುವುದು ಏರಿಕೆಯ ವೇಗ. ಏರಿದ ಬೆಲೆ ಏರಿದಲ್ಲಿಯೇ ಕುಳಿತಿರುತ್ತದೆ. 2016ರಲ್ಲಿ ರಿಸರ್ವ್ ಬ್ಯಾಂಕಿಗೆ ಗೊತ್ತುಪಡಿಸಿದ ಗುರಿ ವರ್ಷಕ್ಕೆ ಶೇಕಡಾ 4. ಗುರಿ ಒಂದು ವರ್ಷವೂ ತಪ್ಪದಿದ್ದರೂ ನೂರು ರೂಪಾಯಿಯ ದಿನಸಿಗೆ ಹತ್ತು ವರ್ಷಗಳ ತರುವಾಯ 148 ರೂಪಾಯಿ ಕೊಡಬೇಕು. ಸರ್ಕಾರಿ ನೌಕರರಿಗೆ ತುಟ್ಟಿಭತ್ಯವೆಂಬ ಊರುಗೋಲಾದರೂ ಉಂಟು. ಖಾಸಗಿ ಕಂಪನಿಗಳ ಬಹುಮಂದಿಗೆ ಅದೂ ಇಲ್ಲ. 2012ನ್ನು ಆಧಾರವರ್ಷವಾಗಿಟ್ಟುಕೊಂಡಿದ್ದ ಗ್ರಾಹಕ ಬೆಲೆ ಸೂಚ್ಯಂಕವು ನಗರವಾಸಿಗಳ ವೆಚ್ಚದಲ್ಲಿ ವಸತಿಗೆ ಕೊಟ್ಟಿದ್ದ ಪಾಲು ಶೇಕಡಾ 21.67. ಸಂಬಳದ ಮೂರರಲ್ಲೊಂದು ಪಾಲನ್ನು ಬಾಡಿಗೆಗೆ ಎಣಿಸಿಕೊಡುವವನಿಗೆ ಆ ಸರಾಸರಿಯಲ್ಲಿ ತನ್ನ ಮುಖ ಕಾಣದು. ನಿವೇಶನದ ಬೆಲೆಯಂತೂ ಸೂಚ್ಯಂಕದೊಳಕ್ಕೆ ಬರುವುದೇ ಇಲ್ಲ. ಅದು ಬಳಕೆಯಲ್ಲ, ಹೂಡಿಕೆ ಎಂಬುದು ಅರ್ಥಶಾಸ್ತ್ರಜ್ಞರ ವಾದ. ವಾದ ಸರಿಯೇ ಇರಬಹುದು. ಆದರೆ ಹಾಗೆ ವಾದಿಸುವವರಿಗೆ ಸ್ವಂತ ಮನೆಯಿರುವುದು ಅಗತ್ಯ.

ತೆರಿಗೆಯ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಸಂಬಳದ ಮೇಲಿನ ಆದಾಯ ತೆರಿಗೆ ವ್ಯಕ್ತಿಯನ್ನು ನೋಡುತ್ತದೆಯೇ ಹೊರತು ಕುಟುಂಬವನ್ನಲ್ಲ. 2025–26ನೆಯ ಹಣಕಾಸು ವರ್ಷದ ಹೊಸ ಪದ್ಧತಿಯಲ್ಲಿ, ತಲಾ 10 ಲಕ್ಷ ರೂಪಾಯಿ ಸಂಬಳದ ದಂಪತಿಗಳು ತೆರಬೇಕಾದ ತೆರಿಗೆ ಸೊನ್ನೆ. ಪಕ್ಕದ ಮನೆಯಲ್ಲಿ ಅದೇ 20 ಲಕ್ಷವನ್ನು ಒಬ್ಬರೇ ದುಡಿದರೆ, 75,000 ರೂಪಾಯಿಗಳ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೂ, ಸೆಸ್ ಸೇರಿ 1,92,400 ರೂಪಾಯಿ. ಇಬ್ಬರೂ ಹೊರಗೆ ಹೋಗುವ ಮನೆಯು ಅಡುಗೆಯವರಿಗೂ ಮಗುವನ್ನು ನೋಡಿಕೊಳ್ಳುವವರಿಗೂ ಕೊಡಬೇಕಲ್ಲವೆ ಎಂದು ಕೇಳಿದರೆ, ಕೊಡಬೇಕು ನಿಜ. ಪಕ್ಕದ ಮನೆಯಲ್ಲಿ ಆ ಕೆಲಸಗಳನ್ನೆಲ್ಲ ಮಾಡುವಾಕೆಗೆ ಯಾರೂ ಏನೂ ಕೊಡುವುದಿಲ್ಲ, ಅಷ್ಟೆ.

ಒಬ್ಬರೇ ದುಡಿಯುವ ಮನೆಯೆಂದೊಡನೆ ಗಂಡ ಕಚೇರಿಯಲ್ಲಿ, ಹೆಂಡತಿ ಅಡುಗೆಮನೆಯಲ್ಲಿ ಎಂಬ ಚಿತ್ರವೊಂದೇ ಕಣ್ಣಮುಂದೆ ಬರಬೇಕಾಗಿಲ್ಲ. ಮಕ್ಕಳನ್ನು ಓದಿಸುತ್ತಿರುವ ವಿಧವೆಯುಂಟು. ಮುಪ್ಪಿನ ತಂದೆತಾಯಿಗಳನ್ನು ಸಾಕುವ ಅವಿವಾಹಿತ ಮಗಳುಂಟು. ಎರಡನೆಯ ಸಂಬಳವೆಂಬುದು ಇವರ ಇಷ್ಟಾನಿಷ್ಟದ ಮಾತೇ ಅಲ್ಲ. ಬಾಡಿಗೆಗೆ ಮನೆ ಕೇಳಲು ಹೋದರೆ, ಬಾಡಿಗೆ ಎಷ್ಟೆಂಬುದಕ್ಕೆ ಮೊದಲು “ಮನೆಯಲ್ಲಿ ಗಂಡಸರು ಯಾರಿದ್ದಾರೆ?” ಎಂಬ ಪ್ರಶ್ನೆಗೆ ಇವರು ಉತ್ತರ ಕೊಡಬೇಕು.

ಬಾಡಿಗೆಯ ಕರಾರು ಸಾಮಾನ್ಯವಾಗಿ 11 ತಿಂಗಳದು. ವರ್ಷವನ್ನು ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ರಿಜಿಸ್ಟರು ಮಾಡಿಸಬೇಕಾದುದೇ ಇದರ ಗುಟ್ಟು. ಕರಾರು ಹೊಸದಾದಾಗಲೆಲ್ಲ ಬಾಡಿಗೆಯೂ ಹೊಸದಾಗುತ್ತದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆಯು, ಬೆಂಗಳೂರಿನಂತಹ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳು ತನ್ನ ವ್ಯಾಪ್ತಿಗೆ ಬಾರವೆಂದು ಹೇಳಿಕೊಂಡೇ ಜಾರಿಗೆ ಬಂದಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳಬಾರದೆಂದು ಕೇಂದ್ರವು 2021ರಲ್ಲಿ ಮಾದರಿ ಬಾಡಿಗೆ ಕಾಯಿದೆಯೊಂದನ್ನು ಬರೆದುಕೊಟ್ಟಿತು. ಮಾದರಿಯನ್ನು ಕಾನೂನಾಗಿ ಮಾಡುವುದು ಮಾತ್ರ ರಾಜ್ಯಗಳಿಗೆ ಬಿಟ್ಟುದು. ಬೆಂಗಳೂರಿನ ರೂಢಿ ಹತ್ತು ತಿಂಗಳದು. ಐದಾರು ತಿಂಗಳಿಗೆ ಒಪ್ಪುವ ದಯಾಳುಗಳೂ ಇದ್ದಾರೆ. 25,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ ಎರಡೂವರೆ ಲಕ್ಷ. ಶೇಕಡಾ 6ರಂತೆ ವರ್ಷಕ್ಕೆ 15,000 ರೂಪಾಯಿಗಳ ಬಡ್ಡಿ ಬರಬೇಕಾದ ಹಣವು ಮನೆಯ ಯಜಮಾನರ ಬಳಿ ಬಡ್ಡಿಯಿಲ್ಲದೆ ಮಲಗಿರುತ್ತದೆ.

ಕೆಲಸ ಹೋದರೆ ಎರಡು ಸಂಬಳದ ಮನೆಯಲ್ಲಿ ಒಂದು ಉಳಿದೀತು. ಇಲ್ಲಿ ಉಳಿಯುವುದು ಸೊನ್ನೆ. ಸಾಲದಿಂದ ಕೊಂಡ ಮನೆಯಾದರೆ, ಕಂತಿನ ಬಾಕಿ 90 ದಿನ ಮೀರಿದೊಡನೆ ಆ ಸಾಲವು ಅನುತ್ಪಾದಕವೆನಿಸುತ್ತದೆ. 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ಬಾಕಿ ಸಂದಾಯವಾಗದಿದ್ದರೆ ಮನೆಯನ್ನು ವಶಪಡಿಸಿಕೊಳ್ಳಲು ಹೊರಡಬಹುದು. ಎರಡೂ ಕೂಡಿದರೆ ಐದು ತಿಂಗಳು. ಬಾಡಿಗೆಯ ಮನೆಯಾದರೆ ಅಷ್ಟು ವಾಯಿದೆಯೂ ಇಲ್ಲ. ಆಪತ್ಕಾಲಕ್ಕೆಂದು ಆರು ತಿಂಗಳ ಖರ್ಚನ್ನು ಎತ್ತಿಡಿರೆಂದು ತಿಳಿದವರು ಹೇಳುತ್ತಾರೆ. ಬಹಳ ಮಂದಿ ಅದನ್ನು ಎತ್ತಿಟ್ಟೂ ಇದ್ದಾರೆ, ಅಡ್ವಾನ್ಸಿನ ರೂಪದಲ್ಲಿ. ಅದು ಕೈಗೆ ಬರಬೇಕಾದರೆ ಇರುವ ಮನೆಯನ್ನು ಬಿಡಬೇಕು. ಬಿಟ್ಟರೆ, ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದುದು ಬರುತ್ತದೆ. ಬಂದುದನ್ನು ಹಾಗೆಯೇ ಮುಂದಿನ ಮನೆಯ ಯಜಮಾನರ ಕೈಯಲ್ಲಿ ಇಡಬೇಕು.