ಬಂದೂಕು ತಂದಿಡಿ ಎನ್ನುವವರು ಕಾರಣವನ್ನೂ ಬರೆದುಕೊಡಲಿ

ಹೊಸಪೇಟೆ, ಕಮಲಾಪುರ, ಕಂಪ್ಲಿ, ಸಂಡೂರು ಭಾಗದ ಲೈಸೆನ್ಸ್ ಬಂದೂಕುದಾರರ ಮತ್ತು ಅಧಿಕಾರಿಗಳ ಗಮನಕ್ಕೆ

ಸಂಡೂರಿನ ಮತದಾರ 2023ರ ಮೇ 10ರಂದು ವಿಧಾನಸಭೆಗೆ, 2024ರ ಮೇ 7ರಂದು ಲೋಕಸಭೆಗೆ, ಅದೇ ವರ್ಷ ನವೆಂಬರ್ 13ರಂದು ಉಪಚುನಾವಣೆಗೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡ. ಎರಡು ವರ್ಷ ತುಂಬುವುದರೊಳಗೆ ಮೂರು ಸಲ ನೀತಿ ಸಂಹಿತೆ. ಊರಿಗೆಲ್ಲ ಅದು ಫ್ಲೆಕ್ಸ್ ಇಳಿಸುವ ಹೊತ್ತು. ಹೊಲ ಕಾಯಲು ಲೈಸೆನ್ಸ್ ಪಡೆದ ರೈತನಿಗೆ ಮಾತ್ರ ಬಂದೂಕನ್ನು ಠಾಣೆಗೆ ಒಯ್ಯಬೇಕೇ ಎಂಬ ಚಿಂತೆ ಶುರುವಾಗುವ ಹೊತ್ತು.

ಒಯ್ದಿಟ್ಟರೆ ಎಷ್ಟು ದಿನ? ಲೋಕಸಭಾ ಚುನಾವಣೆ ಘೋಷಣೆಯಾದದ್ದು 2024ರ ಮಾರ್ಚ್ 16ಕ್ಕೆ, ಮತ ಎಣಿಕೆ ನಡೆದದ್ದು ಜೂನ್ 4ಕ್ಕೆ. ಠೇವಣಿ ಇಟ್ಟ ಆಯುಧವನ್ನು ಫಲಿತಾಂಶ ಬಂದು ವಾರ ಕಳೆಯುವ ತನಕ ಹಿಂದಿರುಗಿಸುವಂತಿಲ್ಲ. ಅಂದರೆ ಹತ್ತಿರ ಹತ್ತಿರ ಮೂರು ತಿಂಗಳು.

ಕಾಡುಹಂದಿಗೆ ನೀತಿ ಸಂಹಿತೆ ಗೊತ್ತಿಲ್ಲ. ಕಂಪ್ಲಿಯ ಕಬ್ಬಿನ ಗದ್ದೆಗೋ ಕಮಲಾಪುರದ ಬಾಳೆ ತೋಟಕ್ಕೋ ಹಿಂಡು ನುಗ್ಗಿದರೆ ಬೆಳಗಾಗುವುದರೊಳಗೆ ಅಲ್ಲಿ ಉಳಿಯುವುದು ಅಗೆದ ಮಣ್ಣು, ಜಗಿದುಗುಳಿದ ಸಿಪ್ಪೆ. ದರೋಜಿ ಕರಡಿಧಾಮ ಪಕ್ಕದಲ್ಲೇ ಇದೆ. 1994ರಲ್ಲಿ ಘೋಷಣೆಯಾದ ಈ ಧಾಮದ ಬಂಡೆಗಳ ಮೇಲೆ ಅರಣ್ಯ ಸಿಬ್ಬಂದಿ ಸವರುವ ಬೆಲ್ಲದ ಪಾಕವನ್ನು ಕರಡಿಗಳು ನೆಕ್ಕುವುದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅದೇ ಕರಡಿ ರಾತ್ರಿ ಮೆಕ್ಕೆಜೋಳದ ಹೊಲಕ್ಕಿಳಿದರೆ ನೋಡಲು ಯಾರೂ ಬರುವುದಿಲ್ಲ. ಒಂದು ಮಾತು ಸ್ಪಷ್ಟವಿರಲಿ: ಕರಡಿ, ಚಿರತೆ, ನವಿಲು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವುಗಳ ಮೇಲೆ ಗುಂಡು ಹಾರಿಸುವವನ ಪರ ಈ ಕರಪತ್ರ ವಕಾಲತ್ತು ವಹಿಸುವುದಿಲ್ಲ. ತಗಡಿನ ಡಬ್ಬ ಬಡಿದು, ಪಟಾಕಿ ಹಚ್ಚಿ, ಏನೂ ನಡೆಯದಿದ್ದಾಗ ಆಕಾಶಕ್ಕೊಂದು ಗುಂಡು ಹಾರಿಸುವ ರೈತನ ಮಾತಿದು.

ಆ ರೈತನನ್ನು ಕಾನೂನು ಕಡೆಗಣಿಸಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ, ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು ನಿಜಕ್ಕೂ ಬೆಳೆ ರಕ್ಷಣೆಗೆಂದೇ ಕೇಳಿದವನಿಗೆ ಪ್ರತ್ಯೇಕ ಜಾಗ ಕೊಟ್ಟಿದೆ. ಕೊಟ್ಟ ಲೈಸೆನ್ಸನ್ನು ಅಮಾನತು ಮಾಡಲು 17ನೇ ಕಲಂ ಇದೆ. ಆದರೆ ಅದಕ್ಕೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಲೈಸೆನ್ಸುದಾರ ಕೇಳಿದರೆ ಸಾಮಾನ್ಯವಾಗಿ ಅದರ ಸಾರಾಂಶವನ್ನೂ ಕೊಡಬೇಕು. ಇಡೀ ಜಿಲ್ಲೆಯ ಬಂದೂಕುಗಳನ್ನು ಒಂದೇ ಆದೇಶದಲ್ಲಿ ಠಾಣೆಗೆ ತರಿಸಿಕೊಂಡರೆ ಆ ಕಾರಣ ಎಲ್ಲಿ ಸಿಗಬೇಕು?

ಈ ಪ್ರಶ್ನೆಯನ್ನು ಕೋರ್ಟಿಗೆ ಒಯ್ದವರು ದೊಡ್ಡ ಮನುಷ್ಯರೇನಲ್ಲ, ಸಾಮಾನ್ಯ ಲೈಸೆನ್ಸುದಾರರು. 2009ರಲ್ಲಿ ಇಂಥದೇ ತಕರಾರು ಬಾಂಬೆ ಹೈಕೋರ್ಟಿನ ಮುಂದೆ ಬಂದಾಗ, ಪ್ರತಿಯೊಬ್ಬನ ಪ್ರಕರಣವನ್ನೂ ಬಿಡಿಯಾಗಿ ನೋಡಬೇಕೆಂಬ ದಾರಿ ತೆರೆಯಿತು. ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ ಇರುವ ಪರಿಶೀಲನಾ ಸಮಿತಿಯ ವ್ಯವಸ್ಥೆಯನ್ನು ಚುನಾವಣಾ ಆಯೋಗವೂ ಮಾಡಿತು. ಸಮಿತಿ ಮುಖ್ಯವಾಗಿ ಗಮನಿಸಬೇಕಾದವರು ಯಾರೆಂದು ಆಯೋಗವೇ ಹೇಳಿದೆ: ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಗಲಭೆಯಲ್ಲಿ ಸಿಕ್ಕಿಬಿದ್ದವರು. ಹಂದಿ ಓಡಿಸುವ ರೈತ ಈ ಪಟ್ಟಿಯಲ್ಲಿಲ್ಲ. 2024ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠವೂ, ಸಾರಾಸಗಟು ಆದೇಶದಿಂದ ಎಲ್ಲರ ಆಯುಧ ಠೇವಣಿ ಇಡಿಸಿಕೊಳ್ಳುವಂತಿಲ್ಲ, ಸಮಿತಿ ಕಾರಣ ಕೊಟ್ಟು ವ್ಯಕ್ತಿವಾರು ತೀರ್ಮಾನಿಸಬೇಕು ಎಂದಿತು. ಅದೇ ಚುನಾವಣೆಯ ಹೊತ್ತಿಗೆ ನಮ್ಮ ದಕ್ಷಿಣ ಕನ್ನಡದ ಕೃಷಿಕರೂ ಹೈಕೋರ್ಟಿನ ಮೆಟ್ಟಿಲೇರಿದ್ದರು.

ಬಂದೂಕಿನ ಕಾನೂನನ್ನು ಇನ್ನೊಂದು ಕಡೆಯಿಂದ ಪ್ರಶ್ನಿಸಿದವರೂ ಇದ್ದಾರೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್ ಬೇಡವೆಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧವೆಂದು ಸೇನೆಯಿಂದ ನಿವೃತ್ತರಾದ ಕ್ಯಾಪ್ಟನ್ ಒಬ್ಬರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2021ರ ಸೆಪ್ಟೆಂಬರ್ 22ರಂದು ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಅರ್ಜಿದಾರರು ಸೋತರು, ನಿಜ. ಆದರೆ ವಿನಾಯಿತಿ ಯಾಕೆ, ಎಷ್ಟು ಕಾಲ, ಯಾವ ಷರತ್ತಿನ ಮೇಲೆ ಎಂಬುದನ್ನು ಸರ್ಕಾರ ಕೋರ್ಟಿನಲ್ಲಿ ನಿಂತು ಹೇಳಬೇಕಾಯಿತು. ಅಷ್ಟು ಮಾಡಿಸಿದ್ದೂ ಸಣ್ಣದಲ್ಲ.

ಹಾಗೆಂದು ಅಮೆರಿಕದ ಮಾತನ್ನು ಇಲ್ಲಿಗೆ ತರುವುದು ಬೇಡ. ಅಲ್ಲಿ ಡಿಕ್ ಹೆಲ್ಲರ್ ಎಂಬ ಸೆಕ್ಯುರಿಟಿ ಗಾರ್ಡ್ ವಾಷಿಂಗ್ಟನ್ ನಗರದ ಕೈಬಂದೂಕು ನಿಷೇಧವನ್ನು ಪ್ರಶ್ನಿಸಿ 2008ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಗೆದ್ದರು. ಅವರ ಸಂವಿಧಾನದಲ್ಲೇ ಆಯುಧದ ಹಕ್ಕಿದೆ, ನಮ್ಮದರಲ್ಲಿಲ್ಲ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಇದನ್ನೇ ನೆನಪಿಸಿ, ಲೈಸೆನ್ಸಿಲ್ಲದ ಬಂದೂಕುಗಳ ಹಾವಳಿಯ ಬಗ್ಗೆ ಕಳವಳಪಟ್ಟಿತು. ಆ ಕಳವಳ ನ್ಯಾಯವಾದದ್ದು. ಬಳ್ಳಾರಿ ಸೀಮೆ ಗಣಿ ದುಡ್ಡಿನ ಅಬ್ಬರದ ಚುನಾವಣೆಗಳನ್ನು ಕಂಡಿದೆ, ಅಧಿಕಾರಿಗಳ ಎಚ್ಚರಿಕೆಗೂ ಅರ್ಥವಿದೆ. ಆದರೆ ಲೈಸೆನ್ಸಿಲ್ಲದವನು ಠಾಣೆಗೆ ಬಂದು ಸಾಲಿನಲ್ಲಿ ನಿಲ್ಲುವುದಿಲ್ಲ. ನಿಲ್ಲುವವನು ಹೆಸರು, ವಿಳಾಸ, ಬಂದೂಕಿನ ನಂಬರು ಎಲ್ಲವನ್ನೂ ಮೊದಲೇ ಸರ್ಕಾರಕ್ಕೆ ಒಪ್ಪಿಸಿದವನು.

1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಾಗ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಊರಿಗೆ ಬೆಂಕಿ ಬಿತ್ತು, ನಾಯಕರು ಗಲ್ಲಿಗೇರಿದರು, ಲಾವಣಿ ಉಳಿಯಿತು. ಅವರಿಗೆ ಮೊರೆ ಹೋಗಲು ಹೈಕೋರ್ಟ್ ಇರಲಿಲ್ಲ. ಬಾಂಬೆ ಹೈಕೋರ್ಟ್ ಶುರುವಾದದ್ದೇ 1862ರಲ್ಲಿ. ಇಂದಿನ ರೈತನಿಗೆ ಧಾರವಾಡದಲ್ಲಿ ಪೀಠವಿದೆ, ರಿಟ್ ಅರ್ಜಿಯಿದೆ.

ಆದ್ದರಿಂದ ಮುಂದಿನ ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸುದಾರರು ಪರಿಶೀಲನಾ ಸಮಿತಿಗೆ ವಿನಾಯಿತಿ ಕೋರಿ ಅರ್ಜಿ ಕೊಡಲಿ. ಪಹಣಿ, ಲೈಸೆನ್ಸಿನ ನಕಲು, ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿ ಇದ್ದರೆ ಅದೂ ಜೊತೆಗಿರಲಿ. ಹೊಸಪೇಟೆ, ಕಮಲಾಪುರದವರು ವಿಜಯನಗರ ಜಿಲ್ಲಾಧಿಕಾರಿಗೆ, ಸಂಡೂರು, ಕಂಪ್ಲಿಯವರು ಬಳ್ಳಾರಿ ಜಿಲ್ಲಾಧಿಕಾರಿಗೆ ಸಲ್ಲಿಸಬೇಕು. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ. ಉತ್ತರ ಬರುವವರೆಗೆ ಆದೇಶವನ್ನು ಮೀರಬೇಡಿ. ಬಂದೂಕು ಇಟ್ಟು, ರಸೀದಿ ಪಡೆದು, ಕಾರಣವನ್ನು ಬರಹದಲ್ಲಿ ಕೇಳಿ. ಕಾರಣ ಕೊಡದಿದ್ದರೆ ಊರಿನ ನಾಲ್ಕಾರು ಲೈಸೆನ್ಸುದಾರರು ಸೇರಿ ಒಬ್ಬ ವಕೀಲರನ್ನು ಹಿಡಿದು ಧಾರವಾಡಕ್ಕೆ ಹೋಗಿ.