ಶಿಶುವಿನ ಮೊದಲ ತುತ್ತು

ಕಳೆದ ಅಮಾವಾಸ್ಯೆಯಂದು ಮಠದ ದಾಸೋಹ ಮನೆಯಲ್ಲಿ ಏಳು ತಿಂಗಳ ಹಸುಳೆಯೊಂದರ ಆಕ್ರಂದನ ಕೇಳಿ ನಾವು ಒಳಹೋದೆವು. ಅಜ್ಜಿಯು ಮಗುವನ್ನು ಚಾಚಿದ ಕಾಲುಗಳ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಒಳಲೆಯಿಂದ ರಾಗಿಗಂಜಿ ಸುರಿಯುತ್ತಿದ್ದರು. ಕೆಮ್ಮಿ ಕೆಮ್ಮಿ ಅದರ ಮುಖ ಕೆಂಪೇರಿತ್ತು. "ತಾಯೀ, ಮೊದಲು ಎತ್ತಿಕೊಳ್ಳಿರಿ" ಎಂದೆವು. "ಚಮಚ ಕಂಡರೆ ಬಾಯಿ ಬಿಗಿಯುತ್ತದೆ, ಶಾಸ್ತ್ರಿಗಳೆ. ಕೂಸು ಸೊರಗಿದರೆ?" ಎಂದು ಆಕೆ ಕಣ್ಣೊರೆಸಿಕೊಂಡರು.

ಆ ಅಳುಕು ಸುಳ್ಳಲ್ಲ. ಆರು ತಿಂಗಳು ತುಂಬಿದ ಬಳಿಕ ಎದೆಹಾಲೊಂದೇ ಸಾಲದು. ಕಬ್ಬಿಣಾಂಶವಂತೂ ಸಾಲುವುದೇ ಇಲ್ಲ. ಆದರೆ ಹೀಗೆ ಸುರಿದ ಗಂಜಿ ಶ್ವಾಸನಾಳಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ. ಮೊದಮೊದಲು ನಾಲಗೆಯಿಂದ ಹೊರದೂಡುವುದು ಹಟವಲ್ಲ, ಎಳೆಯ ನಾಲಗೆಯ ಸಹಜ ಚಲನೆ. ಬಲಾತ್ಕಾರದ ತುತ್ತು ಪ್ರಸಾದವೆನಿಸದೆಂದು ಲಿಂಗವಂತರಿಗೆ ಬೇರೆ ಹೇಳಬೇಕೆ?

ಮಗುವನ್ನು ತಾಯಿಯ ತೊಡೆಯ ಮೇಲೆ ನೆಟ್ಟಗೆ ಕುಳ್ಳಿರಿಸಿ, ಚಮಚವನ್ನು ಬದಿಗಿಡಿಸಿದೆವು. ಬೇಳೆಯೊಡನೆ ನುಣ್ಣಗೆ ಹಿಸುಕಿದ ಅನ್ನವನ್ನು ಆಕೆ ತೊಳೆದ ಬೆರಳಿನಿಂದ ತುಟಿಗೆ ಸೋಕಿಸಿದಳು. ಉಗುಳಿತು. ಅಜ್ಜಿ ನಮ್ಮನ್ನೇ ನೋಡಿದರು! ಸ್ವಲ್ಪ ಹೊತ್ತಿನಲ್ಲಿ ಮಗು ತಾನಾಗಿಯೇ ತಟ್ಟೆಗೆ ಕೈಹಾಕಿ, ಮೆತ್ತಗೆ ಬೆಂದ ಕುಂಬಳದ ಹೋಳನ್ನು ಬಾಯಿಗೊಯ್ದು ಚೀಪತೊಡಗಿತು.

ಒಂದು ರುಚಿಯನ್ನು ಎಂಟು ಹತ್ತು ಬಾರಿಯಾದರೂ ಬೇರೆ ಬೇರೆ ದಿನ ತೋರಿಸಬೇಕು. ಮುಖ ತಿರುಗಿಸಿದರೆ ಅಂದಿಗೆ ನಿಲ್ಲಿಸಬೇಕು. ಎದೆಹಾಲನ್ನು ಮಾತ್ರ ಬಿಡಿಸಲಾಗದು. ವರ್ಷ ತುಂಬುವವರೆಗೆ ಜೇನು ಬೇಡ. ಇಡಿಯ ಶೇಂಗಾ ಕಾಳು ಅದಕ್ಕೂ ಬಹುಕಾಲ ಬೇಡ. ತೂಕ ಏರದಿದ್ದರೆ, ನುಂಗುವಾಗಲೆಲ್ಲ ಕೆಮ್ಮು ಬಂದರೆ ವೈದ್ಯರಿಗೆ ತೋರಿಸತಕ್ಕದ್ದು.

ಅಜ್ಜಿ ಒಳಲೆಯನ್ನು ತೊಳೆದು ಚೀಲಕ್ಕೆ ಸೇರಿಸಿದರು. ಮನೆಯಲ್ಲಿ ಮತ್ತೆ ಹೊರತೆಗೆದರೋ ಏನೋ, ಮುಂದಿನ ಅಮಾವಾಸ್ಯೆಗೆ ಕೇಳಬೇಕು.