ಹೊಳೆಯುವ ಚುಕ್ಕೆಯೆಲ್ಲ ಕ್ಯಾನ್ಸರ್ ಅಲ್ಲ

ಹನೂರು ತಾಲ್ಲೂಕಿನ ಹೂಗ್ಯಂನಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಸೋದರಮಾವ ಬೀಡಿ ಸೇದುವವರು. ಎರಡು ತಿಂಗಳಾದರೂ ಬಿಡದ ಕೆಮ್ಮಿಗೆಂದು ಕೊಳ್ಳೇಗಾಲ ದಾಟಿ ನಗರದ ಆಸ್ಪತ್ರೆಗೆ ಬಂದರು. ಕಫದಲ್ಲಿ ಏನೂ ಸಿಗದ ಕಾರಣ ಪೆಟ್ ಸ್ಕ್ಯಾನ್ ಆಯಿತು. ಶ್ವಾಸಕೋಶದ ಗಂಟೊಂದು ಹೊಳೆಯುತ್ತಿದೆ, ಕ್ಯಾನ್ಸರ್ ಇರಬಹುದು, ಬಯಾಪ್ಸಿಯಿಂದ ದೃಢಪಡಿಸಿಕೊಳ್ಳಬೇಕು ಎಂದು ವರದಿಯಲ್ಲಿತ್ತು. ಇಂಗ್ಲಿಷಿನ ಆ ಹಾಳೆಯಲ್ಲಿ ಮನೆಯವರಿಗೆ ಅರ್ಥವಾದದ್ದು ಒಂದೇ ಪದ. ಊರಿಗೆ ಮರಳಿದ ಮಾವ ಎರಡು ಹಸು ಮಾರಿದರು. ಮಗಳ ಮದುವೆಯ ಮಾತುಕತೆ ನಿಂತಿತು. ಮೂರು ವಾರಗಳ ನಂತರ ಬಂದ ಬಯಾಪ್ಸಿ ಫಲಿತಾಂಶ: ಕ್ಷಯ. ಸರ್ಕಾರ ಉಚಿತವಾಗಿ ಕೊಡುವ ಮಾತ್ರೆಗಳನ್ನು ಆರು ತಿಂಗಳು ನುಂಗಿ ಗುಣಮುಖರಾದರು. ಹಸುಗಳು ಮಾತ್ರ ಮರಳಲಿಲ್ಲ.

ಯಂತ್ರ ಸುಳ್ಳು ಹೇಳಿತೇ? ಇಲ್ಲ. ಸಕ್ಕರೆಯಂಥ ವಸ್ತುವಿಗೆ ವಿಕಿರಣ ಸೂಸುವ ಫ್ಲೋರಿನ್-18 ಅನ್ನು ಜೋಡಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಸಕ್ಕರೆಯನ್ನು ಹೆಚ್ಚಾಗಿ ಹೀರುವ ಕಡೆ ಚಿತ್ರ ಹೊಳೆಯುತ್ತದೆ. ಕ್ಯಾನ್ಸರ್ ಕೋಶಗಳ ಈ ಹಸಿವನ್ನು ಜರ್ಮನಿಯ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲಿಯೇ ಗುರುತಿಸಿದ್ದರು. ಆದರೆ ಸೋಂಕಿನೊಡನೆ ಸೆಣಸುವ ರಕ್ಷಕ ಕೋಶಗಳಿಗೂ ಅದೇ ಹಸಿವು. ಕ್ಷಯದ ಗಂಟು, ಕೂಡಿಕೊಳ್ಳುತ್ತಿರುವ ಮುರಿದ ಮೂಳೆ, ಮಾಯುತ್ತಿರುವ ಶಸ್ತ್ರಚಿಕಿತ್ಸೆಯ ಗಾಯ, ಚಳಿಗೆ ಮೈ ಬೆಚ್ಚಗಿಡುವ ಕಂದು ಕೊಬ್ಬು ಎಲ್ಲವೂ ಹೊಳೆಯಬಲ್ಲವು. 2021ರಲ್ಲಿ ಕೋವಿಡ್ ಲಸಿಕೆ ಪಡೆದ ಅನೇಕರ ಕಂಕುಳ ಗ್ರಂಥಿಗಳು ಹೀಗೆಯೇ ಹೊಳೆದು ವೈದ್ಯರನ್ನೂ ಗಲಿಬಿಲಿಗೊಳಿಸಿದ್ದವು.

ಹೊಳಪನ್ನು ಅಳೆಯುವ ಅಂಕಿಯೊಂದಿದೆ. 2.5 ದಾಟಿದರೆ ಅನುಮಾನ ಎಂಬ ರೂಢಿ ಬಹುಕಾಲ ಚಾಲ್ತಿಯಲ್ಲಿತ್ತು. ಕ್ಷಯದ ಗಂಟು ಅದನ್ನು ಸಲೀಸಾಗಿ ದಾಟುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಇರುವ ನಮ್ಮ ದೇಶದಲ್ಲಿ ಆ ಅಂಕಿಯೊಂದನ್ನೇ ನೆಚ್ಚುವುದು ತರವಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಎಲ್ಲವನ್ನೂ ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಮಾತ್ರೆ ಕೊಟ್ಟು, ನಿಜವಾದ ಶ್ವಾಸಕೋಶದ ಕ್ಯಾನ್ಸರ್ ಕೈಮೀರಿದ ಪ್ರಕರಣಗಳು ನಮ್ಮಲ್ಲಿ ಕಡಿಮೆಯಿಲ್ಲ. ಆದ್ದರಿಂದ ಸ್ಕ್ಯಾನ್ ಬೇಡವೆಂಬುದು ನನ್ನ ವಾದವಲ್ಲ. ಬಯಾಪ್ಸಿಯನ್ನು ಮುಂದೂಡುವುದಂತೂ ಸಲ್ಲದು. ಮಾವನ ವಿಷಯದಲ್ಲಿ ವೈದ್ಯಕೀಯವಾಗಿ ತಪ್ಪೇನೂ ನಡೆಯಲಿಲ್ಲ ಎಂದೇ ಹೇಳಬೇಕು. ನಡೆಯದೇ ಹೋದದ್ದು ಒಂದು ಮಾತುಕತೆ. ವರದಿ ಕೈಗಿಡುವಾಗ ಯಾರಾದರೂ ಎದುರು ಕೂತು, 'ಇದು ಕ್ಷಯವೂ ಇರಬಹುದು, ತುಣುಕು ತೆಗೆದು ನೋಡುವವರೆಗೆ ಏನನ್ನೂ ಮಾರಬೇಡಿ' ಎಂದು ಕನ್ನಡದಲ್ಲಿ ಹೇಳಬೇಕಿತ್ತು. ಸಾವಿರಾರು ರೂಪಾಯಿ ಪಡೆಯುವ ಸ್ಕ್ಯಾನ್ ಕೇಂದ್ರಗಳು ವರದಿಯ ಜೊತೆಗೆ ಇಷ್ಟನ್ನು ವಿವರಿಸುವ ಒಂದು ಕನ್ನಡದ ಹಾಳೆ ಲಗತ್ತಿಸುವುದನ್ನು ಆರೋಗ್ಯ ಇಲಾಖೆ ಕಡ್ಡಾಯಗೊಳಿಸಲಿ.